ಒಂದು ಚಮಚ ಹೆಪ್ಪು

ಕಂಡದ್ದರಲ್ಲೆಲ್ಲ ಪಾಠವನ್ನು ಕಾಣುವ ಜನ ಎಲ್ಲ ಮತಗಳಲ್ಲಿಯೂ ಇದ್ದಾರೆ. ಅವರೊಡನೆ ನಾಲ್ಕು ಹೆಜ್ಜೆ ನಡೆಯುವುದೂ ಸುಲಭವಲ್ಲ. ಬಸ್ಸು ತಪ್ಪಿತೆಂದು ನೀವು ಬಿಸಿಲಿನಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರೆ, ಕಾಲವು ಯಾರಿಗಾಗಿಯೂ ಕಾಯುವುದಿಲ್ಲವೆಂಬುದನ್ನು ಅವರು ನಿಮಗೆ ನೆನಪುಮಾಡಿಕೊಡುತ್ತಾರೆ. ಚಪ್ಪಲಿಯ ಉಂಗುಟ ಕಿತ್ತುಹೋದರೆ ದೇಹದ ನಶ್ವರತೆ. ಮಾವಿನ ಹಣ್ಣಿನಲ್ಲಿ ಹುಳು ಸಿಕ್ಕಿದರೆ ಅಂತರಂಗದ ಪಾಪ. ವಿದ್ಯುದ್ದೀಪ ಆರಿಹೋದರೆ ಆಯುಸ್ಸಿನ ಅಲ್ಪತೆ. ಅವರ ಪಾಲಿಗೆ ಜಗತ್ತೆಂಬುದು ಒಂದು ದೊಡ್ಡ ಪಠ್ಯಪುಸ್ತಕ. ಅದರಲ್ಲಿ ಕಥೆಯೇ ಇಲ್ಲ, ಬರಿಯ ನೀತಿ. ನಮ್ಮ ಕ್ರೈಸ್ತ ಸಮಾಜದಲ್ಲಿಯೂ ಇಂಥವರಿಗೆ ಕೊರತೆಯಿಲ್ಲ. ಭಾನುವಾರ ಪ್ರಸಂಗ ಮಾಡುವ ಹೊಣೆ ಹೊತ್ತವರಿಗಂತೂ ಉಳಿದ ಆರು ದಿನವೂ ದೃಷ್ಟಾಂತಗಳ ಬೇಟೆಯೇ. ಪಾಪ, ಅವರನ್ನು ಅಂದು ಪ್ರಯೋಜನವಿಲ್ಲ. ವಾರಕ್ಕೊಂದು ಹೊಸ ದೃಷ್ಟಾಂತವನ್ನು ಒದಗಿಸುವುದು ಹುಡುಗಾಟವೇನೂ ಅಲ್ಲ.

ಹಾಗಿದ್ದರೂ ಈ ಅಭ್ಯಾಸವನ್ನು ನಾನು ಪೂರ್ತಿಯಾಗಿ ಹಳಿಯಲಾರೆ. ಅದಕ್ಕೆ ಎರಡು ಕಾರಣಗಳಿವೆ. ಯೇಸುಸ್ವಾಮಿಯೇ ಈ ಕೆಲಸವನ್ನು ಮಾಡಿದನೆಂಬುದು ಮೊದಲನೆಯದು. ನಮ್ಮ ಅವ್ವನೂ ಮಾಡುತ್ತಿದ್ದಳೆಂಬುದು ಎರಡನೆಯದು.

ಮೊದಲನೆಯದನ್ನು ಮೊದಲು ಹೇಳಿಬಿಡುತ್ತೇನೆ. ನಾಲ್ಕು ಸುವಾರ್ತೆಗಳನ್ನು ಓದಿದವರಿಗೆ ಒಂದು ಸಂಗತಿ ಗಮನಕ್ಕೆ ಬಾರದೆ ಇರದು. ದೇವರ ರಾಜ್ಯವನ್ನು ಕುರಿತು ಮಾತನಾಡಹೊರಟ ಆ ಬಡಗಿಯ ಮಗ, ಅರಮನೆ ಸಿಂಹಾಸನಗಳ ಮಾತನ್ನು ಎತ್ತಿದುದು ಕಡಮೆ. ಆತನ ಬಾಯಲ್ಲಿ ಮತ್ತೆ ಮತ್ತೆ ಬರುವುದು ಉಪ್ಪು, ದೀಪ, ಬೀಸುವ ಕಲ್ಲು, ಮೀನಿನ ಬಲೆ, ಸಾಸಿವೆಯ ಕಾಳು, ಸಂತೆಯ ಬೀದಿಯಲ್ಲಿ ಆಡುವ ಮಕ್ಕಳು. ಇಂಥ ಕಥೆಗಳನ್ನು ಕನ್ನಡ ಸತ್ಯವೇದದಲ್ಲಿ ಸಾಮ್ಯಗಳೆಂದು ಕರೆದಿದ್ದಾರೆ. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಬಾರದು ಎಂಬುದೊಂದು ಸಾಮ್ಯ. ಏಕೆ ಹಾಕಬಾರದು? ಹೊಸ ಬಟ್ಟೆ ನೀರು ಕಂಡೊಡನೆ ಕುಗ್ಗುತ್ತದೆ. ಕುಗ್ಗಿ, ಸುತ್ತಲಿನ ಹಳೆಯ ಬಟ್ಟೆಯನ್ನು ಎಳೆದು, ಹರಕನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಇದು ಪಂಡಿತರ ಸಭೆಯಲ್ಲಿ ಸಿಕ್ಕುವ ತಿಳಿವಳಿಕೆಯಲ್ಲ. ತಾಯಿ ಹೊಲಿಯುವಾಗ ಪಕ್ಕದಲ್ಲಿ ಕುಳಿತು ನೋಡಿದ ಹುಡುಗನಿಗೆ ಸಿಕ್ಕುವ ತಿಳಿವಳಿಕೆ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಅವಳ ಬಳಿ ಇದ್ದುದು ಹತ್ತು ಬೆಳ್ಳಿಯ ನಾಣ್ಯ. ಒಂದು ನಾಣ್ಯವೆಂದರೆ ಆಗಿನ ಕೂಲಿಯವನ ಒಂದು ದಿನದ ದುಡಿಮೆ. ಅದರಲ್ಲಿ ಒಂದು ಕಳೆದುಹೋಯಿತು. ಪಲೆಸ್ತೀನದ ಬಡವರ ಮನೆಗಳಿಗೆ ಕಿಟಕಿಗಳು ಚಿಕ್ಕವು. ಹಗಲಿನಲ್ಲಿಯೂ ಒಳಗೆ ಮಬ್ಬು. ಆದುದರಿಂದ ಅವಳು ದೀಪ ಹಚ್ಚಿದಳು, ಮನೆಯನ್ನೆಲ್ಲ ಗುಡಿಸಿದಳು, ಸಿಕ್ಕುವ ತನಕ ಹುಡುಕಿದಳು. ಸಿಕ್ಕಿದ ಮೇಲೆ ಮಾಡಿದುದೇನು? ನೆರೆಹೊರೆಯ ಹೆಂಗಸರನ್ನೂ ಗೆಳತಿಯರನ್ನೂ ಕರೆದು ಸಂತೋಷಪಡಿರೆಂದಳು. ಬಂದವರಿಗೆ ಏನಾದರೂ ತಿನ್ನಲು ಕೊಡದೆ ಕಳುಹಿಸಿರಲಾರಳು. ಸಿಕ್ಕಿದ ನಾಣ್ಯಕ್ಕಿಂತ ಈ ಉಪಚಾರಕ್ಕೇ ಹೆಚ್ಚು ಖರ್ಚಾಗಿರಬಹುದೆಂದು ನಮ್ಮ ಅವ್ವ ನಗುತ್ತಿದ್ದಳು. ದೇವರ ಲೆಕ್ಕ ಹಾಗೆಯೇ ಇರುತ್ತದೆಂದು ಒಂದು ಮಾತು ಸೇರಿಸುತ್ತಿದ್ದಳು.

ಅವ್ವನ ಮಾತಿಗೆ ಬಂದೆನಲ್ಲ, ಅವಳನ್ನು ಕುರಿತೇ ಹೇಳುತ್ತೇನೆ. ನಮ್ಮ ಮನೆ ಧಾರವಾಡದಲ್ಲಿ. ಬಾಸೆಲ್ ಮಿಷನ್ನಿನವರು ಆ ಊರಿಗೆ ಬಂದುದು 1837ರಲ್ಲಿ. ಆ ಕಾಲದಿಂದ ಬೆಳೆದುಬಂದ ಕನ್ನಡ ಕ್ರೈಸ್ತ ಮನೆತನಗಳಲ್ಲಿ ನಮ್ಮದೂ ಒಂದು. ಅಪ್ಪ ದಿನವೂ ರೈಲು ಹತ್ತಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಹೋಗಿಬರುತ್ತಿದ್ದ. ಅವ್ವ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಆದುದರಿಂದ ಓಣಿಯ ಮಂದಿಗೆಲ್ಲ ಆಕೆ ‘ಅಕ್ಕಾರು’. ಅವಳ ಸತ್ಯವೇದ ಇರುತ್ತಿದ್ದುದು ದೇವಾಲಯಕ್ಕೆ ಹೋಗುವ ಚೀಲದಲ್ಲಿ ಅಲ್ಲ, ಅಡುಗೆಮನೆಯ ಮಾಡದಲ್ಲಿ, ಚಹಾಪುಡಿಯ ಡಬ್ಬಿಯ ಪಕ್ಕದಲ್ಲಿ. ಮತ್ತಾಯನ ಪುಟಗಳಿಗೆ ಅರಿಸಿನದ ಕಲೆ, ಲೂಕನ ಪುಟಗಳಿಗೆ ಒಗ್ಗರಣೆಯ ಎಣ್ಣೆ. ಅಪ್ಪ ಅದನ್ನು ಹಾಸ್ಯಕ್ಕೆ ‘ಹಪ್ಪಳದ ಸತ್ಯವೇದ’ ಎನ್ನುತ್ತಿದ್ದ.

ಅವಳು ಪಾಠ ಕಾಣುತ್ತಿದ್ದ ರೀತಿ ಬೇರೆ. ಕಂಡ ಪಾಠವನ್ನು ಇನ್ನೊಬ್ಬರ ಮೇಲೆ ಎಸೆಯುತ್ತಿರಲಿಲ್ಲ. ಜೋಳ ಹಸನು ಮಾಡುತ್ತ ಕುಳಿತಾಗ ಒಮ್ಮೆ, ಗೋದಿಯ ಹೊಲದಲ್ಲಿ ವೈರಿ ಕಳೆ ಬಿತ್ತಿದ ಸಾಮ್ಯ ಅವಳಿಗೆ ನೆನಪಾಗಿರಬೇಕು. ಆಳುಗಳು ಕಳೆಯನ್ನು ಕೀಳಬೇಕೆಂದಾಗ ಒಡೆಯ, ಕಳೆಯೊಡನೆ ಗೋದಿಯೂ ಕಿತ್ತುಬಂದೀತೆಂದು ಹೇಳಿ, ಸುಗ್ಗಿಯ ತನಕ ಎರಡೂ ಬೆಳೆಯಲೆಂದು ತಡೆದ ಕಥೆ ಅದು. ಅವ್ವ ಮೊರದಿಂದ ಕಣ್ಣೆತ್ತದೆ, “ಮೊರದಾಗಿನ ಹರಳ ಆರಿಸೋದು ನನ್ನ ಕೆಲಸ. ಮಂದ್ಯಾಗಿನ ಹರಳ ಆರಿಸೋದು ನನ್ನ ಕೆಲಸ ಅಲ್ಲ” ಎಂದಳು. ಯಾರಿಗೆ ಹೇಳಿದಳೋ, ಮೊರಕ್ಕೇ ಹೇಳಿದಳೋ ತಿಳಿಯದು. ಅಂದು ಶಾಲೆಯಲ್ಲಿ ಏನಾಗಿತ್ತೆಂಬುದೂ ನನಗೆ ಗೊತ್ತಿಲ್ಲ. ಪಾಠ ಆಯಿತು, ಜೋಳವೂ ಹಸನಾಯಿತು.

ಆದರೆ ಅವಳಿಗೆ ಎಲ್ಲಕ್ಕಿಂತ ಮೆಚ್ಚಾದ ಸಾಮ್ಯ ಹುಳಿಹಿಟ್ಟಿನದು. ಮತ್ತಾಯನ 13ನೆಯ ಅಧ್ಯಾಯದಲ್ಲಿ ಅದು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಒಬ್ಬ ಹೆಂಗಸು ಮೂರು ಅಳತೆ ಹಿಟ್ಟಿನಲ್ಲಿ ಸ್ವಲ್ಪ ಹುಳಿಹಿಟ್ಟನ್ನು ಇಟ್ಟಳು. ಹಿಟ್ಟೆಲ್ಲ ಹುಳಿಯಾಗಿ ಉಬ್ಬಿತು. ದೇವರ ರಾಜ್ಯ ಹಾಗೆಯೇ. ಇಷ್ಟೇ ಕಥೆ. ಆದರೆ ಈ ಒಂದು ವಾಕ್ಯದಲ್ಲಿ ಕೇಳಿದವರನ್ನು ಬೆಚ್ಚಿಸುವ ಸಂಗತಿಗಳು ಮೂರಿವೆ. ಮೊದಲನೆಯದು, ಯೆಹೂದ್ಯರಲ್ಲಿ ಹುಳಿಹಿಟ್ಟು ಕೆಡುಕಿನ ಗುರುತು. ಪಸ್ಕ ಹಬ್ಬ ಬಂದಿತೆಂದರೆ ಮನೆಯ ಮೂಲೆ ಮೂಲೆ ಹುಡುಕಿ ಹುಳಿ ಎಂಬುದನ್ನೆಲ್ಲ ಹೊರಗೆ ಹಾಕಬೇಕು. ಅಂಥ ಪದಾರ್ಥವನ್ನು ದೇವರ ರಾಜ್ಯಕ್ಕೆ ಹೋಲಿಸಿದುದು ನಮ್ಮ ಊರಿನ ಪುರಾಣಿಕರು ಪುಣ್ಯವನ್ನು ಎಂಜಲಿಗೆ ಹೋಲಿಸಿದಂತಾಯಿತು. ಎರಡನೆಯದು, ಮೂರು ಅಳತೆಯೆಂದರೆ ಈಗಿನ ಲೆಕ್ಕದಲ್ಲಿ ಹೆಚ್ಚುಕಡಮೆ 40 ಲೀಟರಿನಷ್ಟು ಹಿಟ್ಟು. ಅದರಿಂದ ನೂರು ಜನಕ್ಕೂ ಮೀರಿ ರೊಟ್ಟಿಯಾಗುತ್ತದೆ. ಒಂದು ಮನೆಯ ಹೆಂಗಸು ನೂರು ಜನಕ್ಕೆ ಹಿಟ್ಟು ನಾದುತ್ತಿದ್ದಾಳೆಂದರೆ ಊರಿಗೇ ಊಟ ಹಾಕುವ ವಿಚಾರವೇನೋ ಅವಳ ಮನಸ್ಸಿನಲ್ಲಿದೆ. ಮೂರನೆಯದು, ಗ್ರೀಕ್ ಮೂಲದಲ್ಲಿ ಅವಳು ಹುಳಿಹಿಟ್ಟನ್ನು ಬೆರಸಿದಳು ಎಂದಿಲ್ಲ, ಬಚ್ಚಿಟ್ಟಳು ಎಂದಿದೆ.

ಅವ್ವನಿಗೆ ಗ್ರೀಕ್ ಗೊತ್ತಿರಲಿಲ್ಲ. ರೊಟ್ಟಿಗೆ ಹುಳಿ ಹಾಕುವ ಪದ್ಧತಿಯೂ ಜೋಳದ ರೊಟ್ಟಿಯ ನಮ್ಮ ಸೀಮೆಯಲ್ಲಿ ಇಲ್ಲ. ಆಕೆ ಹುಳಿಹಿಟ್ಟು ಎಂಬಲ್ಲಿ ಹೆಪ್ಪು ಎಂದು ಓದಿಕೊಂಡಳು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅನುವಾದ ಇನ್ನೊಂದಿಲ್ಲ. ಹೆಪ್ಪಿನ ಗುಟ್ಟು ಹೆಂಗಸರಿಗೆಲ್ಲ ಗೊತ್ತಿರುವುದೇ. ಹಾಲನ್ನು ಕಾಸಬೇಕು, ಕಾಸಿ ಆರಿಸಬೇಕು, ಬೆರಳದ್ದಿದರೆ ಹಿತವಾಗಿ ಬೆಚ್ಚಗಿರಬೇಕು. ಬಿಸಿ ಹೆಚ್ಚಾದರೆ ಹೆಪ್ಪಿನೊಳಗಿನ ಜೀವ ಸಾಯುತ್ತದೆ, ಆರಿಹೋದರೆ ಅದು ಮಲಗಿಬಿಡುತ್ತದೆ. ವಿಜ್ಞಾನಿಗಳು ಹೇಳುವುದೂ ಇದನ್ನೇ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ, ಹುಳಿ ಹಾಲನ್ನು ಗಟ್ಟಿಗೊಳಿಸುತ್ತದೆ. ಅದು ನಡೆಯುವುದು ರಾತ್ರಿ, ಮುಚ್ಚಿದ ಪಾತ್ರೆಯಲ್ಲಿ, ಯಾರೂ ನೋಡದಿರುವಾಗ. ಆತುರಗಾರರು ನಡುವೆ ಮುಚ್ಚಳ ತೆಗೆದು ಅಲುಗಿಸಿದರೆ ಮೊಸರು ಒಡೆಯುತ್ತದೆ. ಹೆಪ್ಪು ಹಾಕಿದವಳ ಕೆಲಸ ಅಲ್ಲಿಗೆ ಮುಗಿಯಿತು. ಮುಂದೆ ಮಾಡಬೇಕಾದುದು ಒಂದೇ, ದೀಪ ಆರಿಸಿ ಮಲಗುವುದು.

ಹೆಪ್ಪಿಗೆ ಇನ್ನೂ ಒಂದು ಗುಣವಿದೆ. ಅದನ್ನು ಯಾರೂ ಶೂನ್ಯದಿಂದ ಮಾಡಿಕೊಳ್ಳುವುದಿಲ್ಲ. ಇಂದಿನ ಹೆಪ್ಪು ನಿನ್ನೆಯ ಮೊಸರಿನದು, ನಿನ್ನೆಯದು ಮೊನ್ನೆಯದು. ಹೀಗೆ ಹಿಂದಕ್ಕೆ ಹೋದರೆ ಕೊನೆಗೆ ಯಾರದೋ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಅದನ್ನು ಕೂಡಿಟ್ಟುಕೊಳ್ಳುವುದಕ್ಕೂ ಬರುವುದಿಲ್ಲ. ನಾಲ್ಕು ದಿನ ಹಾಗೆಯೇ ಇಟ್ಟರೆ ಹುಳಿ ಮೀರಿ ಕೆಡುತ್ತದೆ; ದಿನವೂ ಹೊಸ ಹಾಲಿಗೆ ಕೊಟ್ಟರೆ ಮಾತ್ರ ಉಳಿಯುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕಿದ ಮನ್ನದ ಕಥೆಯೂ ಇದೇ ಅಲ್ಲವೆ? ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಕೂಡಿಸಿಕೊಳ್ಳಬೇಕಾಗಿತ್ತು. ನಾಳೆಗೆಂದು ಇಟ್ಟುಕೊಂಡವರದು ಹುಳಬಿದ್ದು ನಾರಿತು. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ಕೇಳುವುದು ಆ ದಿನದ ರೊಟ್ಟಿಯನ್ನೇ, ತಿಂಗಳ ರೇಷನ್ನನ್ನಲ್ಲ. ಶರಣರ ನಾಡಿನವರಾದ ನಮಗೆ ಇದು ಹೊಸ ಮಾತೂ ಅಲ್ಲ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದುಬರಲು ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನಿಗೆ ಈ ಪ್ರಾರ್ಥನೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ದಿನದ ಕೆಲಸದಲ್ಲಿ ದೇವರನ್ನು ಕಾಣುವುದು ಹೆಂಗಸರ ಪಾಲಿನದು ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. 17ನೆಯ ಶತಮಾನದ ಪ್ಯಾರಿಸಿನಲ್ಲಿ ಲಾರೆನ್ಸ್ ಎಂಬ ಒಬ್ಬ ಸನ್ಯಾಸಿ ಇದ್ದ. ಮೊದಲು ಸಿಪಾಯಿಯಾಗಿದ್ದು, ಕಾಲಿಗೆ ಪೆಟ್ಟಾಗಿ ಕುಂಟನಾಗಿ, ಕಾರ್ಮೆಲ್ ಪಂಥದ ಮಠವನ್ನು ಸೇರಿದವನು. ಅವನಿಗೆ ಅಲ್ಲಿ ಸಿಕ್ಕಿದುದು ಅಡುಗೆಮನೆಯ ಕೆಲಸ. ವಯಸ್ಸಾದ ಮೇಲೆ ಮಠದವರ ಪಾದರಕ್ಷೆಗಳನ್ನು ಹೊಲಿಯುವ ಕೆಲಸ. ಅವನು ಗ್ರಂಥ ಬರೆಯಲಿಲ್ಲ, ಪೀಠ ಏರಲಿಲ್ಲ. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವುದನ್ನೂ ದೇವರ ಪ್ರೀತಿಗಾಗಿಯೇ ಮಾಡುತ್ತೇನೆಂಬುದು ಅವನ ವೇದಾಂತವೆಲ್ಲ. 1691ರಲ್ಲಿ ಅವನು ತೀರಿಕೊಂಡ ಮೇಲೆ, ಅವನ ಕೆಲವು ಪತ್ರಗಳನ್ನೂ ಸಂಭಾಷಣೆಗಳನ್ನೂ ಕೂಡಿಸಿ ಒಂದು ಸಣ್ಣ ಪುಸ್ತಕ ಮಾಡಿದರು. ದೊಡ್ಡ ದೊಡ್ಡ ಧರ್ಮಪಂಡಿತರ ಸಂಪುಟಗಳು ಧೂಳು ತಿನ್ನುತ್ತಿರುವಾಗ ಆ ಅಡುಗೆಯವನ ಪುಸ್ತಕವನ್ನು ಜನ ಇಂದಿಗೂ ಓದುತ್ತಾರೆ.

ಅಷ್ಟು ದೂರ ಹೋಗುವುದೇಕೆ, ನಮ್ಮ ಸೀಮೆಯವರೇ ಆದ ಉತ್ತಂಗಿ ಚನ್ನಪ್ಪನವರಿಲ್ಲವೆ? ಅವರು ಬಾಸೆಲ್ ಮಿಷನ್ನಿನ ಸಭಾಪಾಲಕರು. ಊರೂರಿಗೆ ಹೋಗಿ ಬೋಧಿಸುವುದು ಅವರ ಉದ್ಯೋಗ. ಆದರೆ ಬೋಧಿಸಹೋದವರು ಕಿವಿಯನ್ನೂ ತೆರೆದಿಟ್ಟುಕೊಂಡಿದ್ದರು. ಹಳ್ಳಿಯವರ ನಾಲಗೆಯ ಮೇಲೂ ಓಲೆಗರಿಗಳಲ್ಲೂ ಚದರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಒಂದೊಂದಾಗಿ ಕೂಡಿಹಾಕಿ 1924ರಲ್ಲಿ ಅಚ್ಚುಹಾಕಿಸಿದರು. ಅನ್ನ, ಸಾಲ, ನಂಟರು, ಮಜ್ಜಿಗೆ ಇವುಗಳಲ್ಲಿಯೇ ಜಗತ್ತಿನ ನೀತಿಯನ್ನು ಕಂಡ ಸರ್ವಜ್ಞನಿಗೆ ಸಾಮ್ಯಗಳನ್ನು ಓದಿ ಬೆಳೆದ ಒಬ್ಬ ಪಾದ್ರಿ ಮನಸೋತುದರಲ್ಲಿ ಆಶ್ಚರ್ಯವಿಲ್ಲ. ಕನ್ನಡಿಗರು ಅವರನ್ನು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿ ಗೌರವಿಸಿದರು. ಕೊಡಲು ಹೋದವನು ತೆಗೆದುಕೊಳ್ಳುವುದಕ್ಕೂ ಸಿದ್ಧನಾಗಿರಬೇಕೆಂಬುದಕ್ಕೆ ಅವರ ಬಾಳು ಸಾಕ್ಷಿ.

ತೆಗೆದುಕೊಳ್ಳುವುದು ಕೊಡುವುದಕ್ಕಿಂತ ಕಷ್ಟ. ಇದನ್ನು ನಾನು ತಿಳಿದುದು ನಮ್ಮ ಓಣಿಯಲ್ಲಿ. ಎದುರುಮನೆಯಲ್ಲಿ ಒಬ್ಬ ಕಾಕು ಇದ್ದರು. ಅವರದು ಮಡಿಯ ಮನೆ. ಅತ್ತೆಯವರಂತೂ ನೀರಿನ ಕೊಡದ ನೆರಳನ್ನೂ ತೊಳೆಯುವವರು. ನಮ್ಮ ಮನೆಯಲ್ಲಿ ಹೆಪ್ಪು ತೀರಿದಾಗಲೆಲ್ಲ ಅವ್ವ ನನ್ನ ಕೈಯಲ್ಲಿ ಬಟ್ಟಲು ಕೊಟ್ಟು ಅಲ್ಲಿಗೆ ಕಳುಹಿಸುತ್ತಿದ್ದಳು. ಕಾಕು ಇಲ್ಲವೆಂದುದು ನನಗೆ ನೆನಪಿಲ್ಲ. ಮೆಟ್ಟಿಲ ಮೇಲೆ ಬಟ್ಟಲಿಟ್ಟು ನಾನು ಹಿಂದೆ ಸರಿದು ನಿಲ್ಲುವೆನು. ಅವರು ಮೇಲಿನಿಂದ ಒಂದು ಚಮಚ ಹೆಪ್ಪು ಬಿಡುವರು. ಆದರೆ ಅವರ ಮನೆಯಲ್ಲಿ ಹೆಪ್ಪು ತೀರಿದರೆ ನಮ್ಮ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. “ನಮ್ಮಲ್ಲಿ ಮಡಿ ಅದ, ಅಕ್ಕಾರ. ತಪ್ಪು ತಿಳಕೋಬ್ಯಾಡ್ರಿ” ಎಂದು ಕಾಕು ಒಮ್ಮೆ ತಾವಾಗಿಯೇ ಹೇಳಿದ್ದರು. ಅವ್ವ ತಪ್ಪು ತಿಳಿಯಲಿಲ್ಲವೋ, ತಿಳಿದೂ ನುಂಗಿಕೊಂಡಳೋ, ನನಗೆ ಹೇಳಲಿಲ್ಲ. ಆದರೆ ಬಟ್ಟಲನ್ನು ಬರಿದಾಗಿ ಹಿಡಿದುಹೋಗುವುದು ಅವಳಿಗೆ ಒಗ್ಗದು. ಹಿತ್ತಿಲಲ್ಲಿ ಪೇರಲ ಗಿಡವಿತ್ತು. ಗಿಡದ ಹಣ್ಣಿಗೆ ಮಡಿಯ ಕಟ್ಟಿಲ್ಲ. ಹೆಪ್ಪಿಗೆ ಹೋಗುವಾಗ ನನ್ನ ಇನ್ನೊಂದು ಕೈಯಲ್ಲಿ ನಾಲ್ಕು ಪೇರಲ ಹಣ್ಣು ಇರುತ್ತಿದ್ದವು. ಅವನ್ನು ಕಾಕು ನಗುತ್ತ ಸೆರಗಿನಲ್ಲಿ ತೆಗೆದುಕೊಳ್ಳುತ್ತಿದ್ದರು. ಹೀಗೆ ಎಷ್ಟೋ ವರ್ಷ ನಡೆಯಿತು.

1984ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಬೆಳಗಿನ ರೈಲಿಗೆ ಹೊರಟವನು ಬಾಗಿಲಲ್ಲಿಯೇ ಎದೆ ಹಿಡಿದು ಕುಳಿತ. ವೈದ್ಯರು ಬರುವುದರೊಳಗೆ ಎಲ್ಲ ಮುಗಿದಿತ್ತು. ವಯಸ್ಸು ಐವತ್ತೆರಡು. ತಂಗಿಯರಿಬ್ಬರೂ ಇನ್ನೂ ಶಾಲೆಯಲ್ಲಿದ್ದರು. ನನಗೆ ಕೆಲಸ ಸಿಕ್ಕಿರಲಿಲ್ಲ.

ಮಣ್ಣುಮಾಡಿದ ಮರುದಿನದಿಂದ ಜನ ಬರತೊಡಗಿದರು. ಅವರೆಲ್ಲರೂ ಒಳ್ಳೆಯವರು, ನಮ್ಮ ದುಃಖಕ್ಕೆ ಮರುಗಿ ಬಂದವರು. ಆದರೆ ಬರಿಗೈಯಲ್ಲಿ ಬಂದವರಿಗೆ ಏನಾದರೂ ಹೇಳಲೇಬೇಕೆಂಬ ಸಂಕಟ ಇರುತ್ತದೆ. ತೋಟದ ಒಡೆಯ ಎಲ್ಲಕ್ಕಿಂತ ಚೆಲುವಾದ ಹೂವನ್ನೇ ಮೊದಲು ಕೊಯ್ಯುತ್ತಾನೆಂದರು ಒಬ್ಬರು. ಬಂಗಾರವನ್ನು ಬೆಂಕಿಯಲ್ಲಿಟ್ಟೇ ಪರೀಕ್ಷಿಸುವುದೆಂದರು ಇನ್ನೊಬ್ಬರು. ಇದರಿಂದ ಮಕ್ಕಳಿಗೆ ಹೊಣೆ ಬರುತ್ತದೆ, ದೇವರ ಚಿತ್ತದಲ್ಲಿ ಎಲ್ಲಕ್ಕೂ ಒಂದು ಪಾಠವಿದೆಯೆಂದು ಮೂರನೆಯವರು ನನ್ನ ಮುಖ ನೋಡಿದರು. ಮೂರು ದಿನ ಗೋಡೆಗೆ ಒರಗಿ ಮಾತಿಲ್ಲದೆ ಕುಳಿತಿದ್ದ ಅವ್ವ ಆಗ ಬಾಯಿ ತೆರೆದಳು. “ಇದರಾಗ ಪಾಠ ಹುಡುಕಬ್ಯಾಡ್ರಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಅಕ್ಷರ ತಿದ್ದುವಾಗಿನ ದನಿಯೇ ಅದು.

ಉಪ್ಪಿನಲ್ಲಿ, ಜೋಳದಲ್ಲಿ, ಹೆಪ್ಪಿನಲ್ಲಿ ದಿನವೂ ಪಾಠ ಕಾಣುತ್ತಿದ್ದವಳು ಅಪ್ಪನ ಸಾವಿನಲ್ಲಿ ಪಾಠ ಹುಡುಕಬಾರದೆಂದಳು. ಅವಳ ನಂಬಿಕೆ ಅಂದು ಅಲುಗಿತೆಂದೇ ನಾನು ಮೊದಲು ತಿಳಿದೆ; ಅಲುಗಿದ್ದರೆ ಅದು ಸಹಜವೂ ಆಗಿತ್ತು. ಆದರೆ ಆಮೇಲೆ ಎಣ್ಣೆ ಮೆತ್ತಿದ ಆ ಸತ್ಯವೇದವನ್ನು ನಾನೇ ತೆರೆದು ಓದಿದಾಗ, ಅವಳ ಮಾತಿಗೆ ಅಲ್ಲಿಯೇ ಆಧಾರವಿದ್ದುದು ಕಂಡಿತು. ಸಿಲೊವಾಮಿನಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂದು ಯೇಸುವೇ ಕೇಳುತ್ತಾನೆ. ಅಲ್ಲವೆಂದು ತಾನೇ ಉತ್ತರ ಕೊಡುತ್ತಾನೆ. ನಿಮ್ಮ ನಿಮ್ಮ ಬಾಳನ್ನು ತಿದ್ದಿಕೊಳ್ಳಿರೆಂದು ಬದುಕಿದ್ದವರ ಕಡೆಗೇ ಮಾತನ್ನು ತಿರುಗಿಸುತ್ತಾನೆ. ಹುಟ್ಟುಕುರುಡನೊಬ್ಬನನ್ನು ತೋರಿಸಿ ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದರು. ಇಬ್ಬರೂ ಅಲ್ಲವೆಂದ ಆತನು ಚರ್ಚೆಯನ್ನು ಬೆಳೆಸದೆ ಮಣ್ಣನ್ನು ಕಲಸಿ ಅವನ ಕಣ್ಣಿಗೆ ಹಚ್ಚಿದ. ಲಾಜರನ ಗೋರಿಯ ಬಳಿಯಲ್ಲಂತೂ ಆತನೇ ಅತ್ತ. ಸತ್ತವನನ್ನು ಎಬ್ಬಿಸುವೆನೆಂದು ಬಂದವನಿಗೆ ಅಳುವ ಅಗತ್ಯವಾದರೂ ಏನಿತ್ತು? ಆದರೂ ಅತ್ತ.

ಯೋಬನ ಗೆಳೆಯರ ಕಥೆಯೂ ಇದೆ. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದ ಅವನನ್ನು ನೋಡಲು ಮೂವರು ಬಂದರು. ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನೊಡನೆ ನೆಲದ ಮೇಲೆ ಕುಳಿತರು. ಅಲ್ಲಿಯ ತನಕ ಅವರು ಉತ್ತಮ ಗೆಳೆಯರು. ಎಂಟನೆಯ ದಿನ ಬಾಯಿ ತೆರೆದು ಅವನ ದುಃಖದ ಅರ್ಥವನ್ನು ವಿವರಿಸತೊಡಗಿದರು. ಗ್ರಂಥದ ಕೊನೆಯಲ್ಲಿ ದೇವರೇ ಅವರನ್ನು ಗದರಿಸಬೇಕಾಯಿತು. ಬುದ್ಧನೂ ಸತ್ತ ಕೂಸನ್ನು ಹೊತ್ತು ಬಂದ ತಾಯಿಗೆ ಉಪದೇಶ ಮಾಡಲಿಲ್ಲ. ಸಾವಿಲ್ಲದ ಮನೆಯ ಸಾಸಿವೆ ತರಲು ಕಳುಹಿಸಿದ. ಅವಳು ತನ್ನ ಪಾಠವನ್ನು ಕಂಡುಕೊಂಡುದು ತನ್ನ ಕಾಲಿನಿಂದಲೇ ನಡೆದು, ಮನೆಮನೆಯ ಹೊಸ್ತಿಲಲ್ಲಿ ನಿಂತು, ತನ್ನಂತೆಯೇ ಅತ್ತವರ ಮುಖ ನೋಡಿ. ನಮ್ಮ ನಮ್ಮ ಬಾಳಿನಲ್ಲಿ ನಾವು ಪಾಠ ಕಂಡರೆ ಅದು ನಂಬಿಕೆ. ಇನ್ನೊಬ್ಬರ ಗಾಯದಲ್ಲಿ ಅವರಿಗೆ ಪಾಠ ತೋರಿಸಹೋದರೆ ಅದು ನಿಷ್ಕರುಣೆ. ಅವ್ವ ಹೇಳಿದ ಮೂರು ಮಾತಿನ ಅರ್ಥ ಇಷ್ಟೇ ಎಂದು ನನಗೆ ತೋರುತ್ತದೆ.

ಹಾಗಾದರೆ ದುಃಖದ ಮನೆಗೆ ಹೋದವರು ಮಾಡಬೇಕಾದುದೇನು? ಅದಕ್ಕೆ ಉತ್ತರ ಐದನೆಯ ದಿನ ಬಂದಿತು. ಅಷ್ಟು ದಿನವೂ ನಮ್ಮ ಮನೆಯಲ್ಲಿ ಸರಿಯಾಗಿ ಒಲೆ ಉರಿದಿರಲಿಲ್ಲ. ಸಭೆಯವರು ಸರದಿಯ ಮೇಲೆ ಊಟ ತರುತ್ತಿದ್ದರು. ಮೊಸರಿನ ಗಡಿಗೆಯನ್ನು ಯಾರೋ ತೊಳೆದು ಬೋರಲು ಹಾಕಿದ್ದರು. ಸಂಜೆ ಮಳೆ ಹಿಡಿದುಕೊಂಡಿತ್ತು. ಎದುರುಮನೆಯ ಕಾಕು ಸೆರಗಿನ ಕೆಳಗೆ ಏನನ್ನೋ ಮುಚ್ಚಿಕೊಂಡು ಬೀದಿ ದಾಟಿ ಬಂದರು. ಪಡಸಾಲೆಯಲ್ಲಿ ಕುಳಿತವರ ನಡುವೆ ಹಾದು ನೆಟ್ಟಗೆ ಅಡುಗೆಮನೆಗೆ ಹೋದರು. ಅಷ್ಟು ವರ್ಷಗಳಲ್ಲಿ ಅವರು ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದುದು ಅದೇ ಮೊದಲು. “ಹೆಪ್ಪು ತಂದೀನ್ರಿ, ಅಕ್ಕಾರ. ಹಾಲು ಎಲ್ಲೆ ಅದ? ಕಾಸಿ ಇಡೂಣು” ಎಂದರು. ಅಷ್ಟೇ. ಹೂವಿನ ಮಾತಿಲ್ಲ, ಬಂಗಾರದ ಮಾತಿಲ್ಲ.

ಅವ್ವ ಎದ್ದಳು. ಒಲೆ ಹಚ್ಚಿದಳು. ಹಾಲು ಕಾಸಿ, ಆರಿಸಿ, ಬೆರಳದ್ದಿ ನೋಡಿದಳು. ಕಾಕು ಪಕ್ಕದಲ್ಲಿ ನಿಂತಿದ್ದರು. ಗಡಿಗೆ ಮುಚ್ಚಿ, ಥಂಡಿಯೆಂದು ಹಳೆಯ ಪಂಚೆಯೊಂದನ್ನು ಸುತ್ತಿ ಒಲೆಯ ಪಕ್ಕಕ್ಕೆ ಇಟ್ಟಳು. ಆ ಪಂಚೆ ಅಪ್ಪನದು. ಆಗ ಅವಳು ಅತ್ತಳು. ಐದು ದಿನಗಳಲ್ಲಿ ಮೊದಲ ಸಲ.

ರಾತ್ರಿ ಹಾಲಿಗೆ ಹೆಪ್ಪು ಹಾಕುವವಳು ಬಾಯಲ್ಲಿ ಹೇಳದೆಯೇ ಒಂದು ಮಾತನ್ನು ಒಪ್ಪಿಕೊಂಡಂತಾಯಿತು: ನಾಳೆ ಬೆಳಗಾಗುತ್ತದೆ, ಬೆಳಗಾದಾಗ ಈ ಮನೆಯಲ್ಲಿ ಉಣ್ಣುವವರಿರುತ್ತಾರೆ. ಅಂದಿನ ಅವ್ವನಿಂದ ಇದಕ್ಕಿಂತ ಹೆಚ್ಚಿನ ವಿಶ್ವಾಸವನ್ನು ಯಾವ ದೇವರೂ ಕೇಳಲಾರನೆಂದು ನಾನು ತಿಳಿದಿದ್ದೇನೆ. ಅಪ್ಪ ಏಕೆ ಸತ್ತನೆಂಬ ಪ್ರಶ್ನೆಗೆ ಆ ಹೆಪ್ಪು ಉತ್ತರ ಕೊಡಲಿಲ್ಲ. ಇಂದಿಗೂ ಉತ್ತರ ಸಿಕ್ಕಿಲ್ಲ. ಆದರೆ ಮರುದಿನ ಬೆಳಿಗ್ಗೆ ತಂಗಿಯರು ಮೊಸರನ್ನ ತಿಂದು ಶಾಲೆಗೆ ಹೋದರು.

ಕೆಲವು ವರ್ಷಗಳ ಮೇಲೆ, 1991ರಲ್ಲಿರಬೇಕು, ಒಂದು ರಾತ್ರಿ ಕಾಕು ನಮ್ಮ ಬಾಗಿಲು ಬಡಿದರು. ಅತ್ತೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ಕೈಯಲ್ಲಿ ಬಟ್ಟಲಿತ್ತು. ಮುಂಬಯಿಯಿಂದ ಮಗ ಸೊಸೆ ಹೇಳದೆ ಕೇಳದೆ ಬಂದಿಳಿದಿದ್ದಾರೆಂದೂ ಮನೆಯಲ್ಲಿ ಮೊಸರು ಪೂರ್ತಿ ತೀರಿದೆಯೆಂದೂ ಹೇಳಿ, “ಒಂದಿಷ್ಟು ಹೆಪ್ಪು ಇದ್ದರ ಕೊಡ್ರಿ, ಅಕ್ಕಾರ” ಎಂದರು. ನಡುರಾತ್ರಿ ಅತಿಥಿ ಬಂದನೆಂದು ಗೆಳೆಯನ ಮನೆಯ ಕದ ತಟ್ಟಿ ಮೂರು ರೊಟ್ಟಿ ಸಾಲ ಕೇಳಿದವನ ಸಾಮ್ಯವೊಂದು ಲೂಕನಲ್ಲಿದೆ. ಅವ್ವನಿಗೆ ಅದು ನೆನಪಾಗದೆ ಇರಲಿಲ್ಲ. ಆದರೆ ಅವಳು ಆ ಮಾತನ್ನು ಎತ್ತಲಿಲ್ಲ. ಮಡಿಯ ಮಾತನ್ನಂತೂ ಎತ್ತಲೇ ಇಲ್ಲ. ಬಟ್ಟಲು ತುಂಬ ಕೊಟ್ಟಳು. ಕಾಕು ಹೋದ ಮೇಲೆ, ಅವರ ಕಡೆಯ ಹೆಪ್ಪೇ ಅವರ ಮನೆಗೆ ಹೋಯಿತೆಂದು ನಾನು ನಕ್ಕೆ. “ಯಾರದಂತ ಹೆಂಗ ಹೇಳ್ತಿ? ಹಾಲಿನೊಳಗ ಹೋದ ಮ್ಯಾಲ ಹೆಪ್ಪಿಗೆ ಮನಿ ಎಲ್ಲೈತಿ?” ಎಂದು ಅವ್ವ ಗಡಿಗೆ ಮುಚ್ಚಿದಳು.

ಈಗ ಕಾಲ ಬದಲಾಗಿದೆ. ಮೊಸರು ಪೊಟ್ಟಣದಲ್ಲಿ ಬರುತ್ತದೆ. ಪೊಟ್ಟಣದ ಮೊಸರನ್ನೇ ಹೆಪ್ಪಾಗಿಯೂ ಬಳಸಬಹುದು. ಯಾರ ಮನೆಯ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ. ಇದನ್ನು ನಾನು ದೂರುವುದಿಲ್ಲ. ದುಡಿದು ದಣಿದು ಬರುವ ಹೆಣ್ಣುಮಕ್ಕಳಿ��ೆ ಇದರಿಂದ ಎಷ್ಟೋ ಅನುಕೂಲವಾಗಿದೆ. ಆದರೆ ಬೇಡಿ ತರುವ ಅಭ್ಯಾಸ ತಪ್ಪಿದವರಿಗೆ ಕೊಡಹೋಗುವ ದಾರಿಯೂ ಮರೆತುಹೋಗುತ್ತದೆಯೋ ಎಂಬ ಅಂಜಿಕೆ ಮಾತ್ರ ನನಗಿದೆ. ಎದುರಿನ ಫ್ಲ್ಯಾಟಿನಲ್ಲಿ ಸಾವಾದರೆ ಯಾವ ನೆಪದಿಂದ ಅವರ ಅಡುಗೆಮನೆಯವರೆಗೆ ಹೋಗುವುದು?

ನಿತ್ಯದ ಬದುಕಿನಲ್ಲಿ ಧರ್ಮದ ಪಾಠಗಳನ್ನು ಹುಡುಕುವವರನ್ನು ನಾನು ಈಗ ಮೊದಲಿನಷ್ಟು ಹಾಸ್ಯಮಾಡುವುದಿಲ್ಲ. ಹುಡುಕಲಿ, ಅವರವರ ಮೊರದಲ್ಲಿ, ಅವರವರ ಗಡಿಗೆಯಲ್ಲಿ ಹುಡುಕಲಿ. ಸಿಕ್ಕಿದರೆ ದೀಪ ಹಚ್ಚಿ ಗುಡಿಸಿದ ಆ ಹೆಂಗಸಿನಂತೆ ಸಂತೋಷಪಡಲಿ. ಇನ್ನೊಬ್ಬರ ಮನೆಗೆ, ಅದರಲ್ಲಿಯೂ ದುಃಖದ ಮನೆಗೆ, ಹೋಗುವಾಗ ಮಾತ್ರ ಆ ಪಾಠಗಳನ್ನು ತಮ್ಮ ಮನೆಯಲ್ಲಿಯೇ ಬಿಟ್ಟು, ಒಂದು ಬಟ್ಟಲನ್ನು ಸೆರಗಿನ ಕೆಳಗೆ ಮುಚ್ಚಿಕೊಂಡು ಹೋಗಲಿ. ಮುಂದಿನದನ್ನು ಹಾಲು ನೋಡಿಕೊಳ್ಳುತ್ತದೆ.